ಮಗನ ಜೀನ್ ವರದಿಯಲ್ಲಿ ವಿಟಮಿನ್ ಡಿ ಸಾಲಿಗೆ ಕೆಂಪು ಬಣ್ಣ: ಅಕ್ಕನ ಸಕ್ಕರೆ ಕಾಯಿಲೆ ತಮ್ಮನಿಗೂ ಬರುತ್ತದೆಯೇ?

ತುಂಗಾತೀರ, ಶಿವಮೊಗ್ಗ
(ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದುವರೆಗೆ ಓದುತ್ತಿದ್ದೆನೇ ಹೊರತು ಬರೆದಿರಲಿಲ್ಲ. ಮೂರು ದಿನಗಳಿಂದ ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ಅವಳಿಗೆ ಟೈಪ್ 1 ಮಧುಮೇಹ ಎಂದು ಗೊತ್ತಾಯಿತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದವಳು ಮತ್ತೆ ಶುರು ಮಾಡಿದಳು. ಹಬ್ಬದಲ್ಲಿ ಸಿಹಿ ಹೆಚ್ಚಾಗಿರಬೇಕು ಎಂದು ಮನೆಯಲ್ಲಿ ಅಂದುಕೊಂಡೆವು. ವಾಂತಿ ಶುರುವಾದಾಗ ಹತ್ತಿರದ ಕ್ಲಿನಿಕ್‌ನಲ್ಲಿ ಹೊಟ್ಟೆಯ ಸೋಂಕು ಎಂದು ಔಷಧಿ ಕೊಟ್ಟು ಕಳುಹಿಸಿದರು. ಮರುದಿನ ಬೆಳಗಿನ ಜಾವ ಏದುಸಿರು ಬಿಡುತ್ತಿದ್ದಳು, ಬಾಯಿಯಿಂದ ತೀರಾ ಹಣ್ಣಾದ ಹಲಸಿನಂಥ ವಾಸನೆ. ದೊಡ್ಡಾಸ್ಪತ್ರೆಗೆ ಒಯ್ದಾಗ ಸಕ್ಕರೆ 540 ಇತ್ತು. ಐದು ದಿನ ಐಸಿಯುನಲ್ಲಿದ್ದಳು. ಈಗ ಚೆನ್ನಾಗಿದ್ದಾಳೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತಾನೇ ಹಾಕಿಕೊಳ್ಳುವಷ್ಟು ಗಟ್ಟಿಯಾಗಿದ್ದಾಳೆ.

ಈಗಿನ ಚಿಂತೆ ಅವಳ ತಮ್ಮನದು. ಅವನಿಗೆ ನಾಲ್ಕು ವರ್ಷ. ಬೆಂಗಳೂರಿನಲ್ಲಿರುವ ನನ್ನ ಮೈದುನ ಪ್ರೀತಿಯಿಂದಲೇ ಒಂದು ಖಾಸಗಿ ಕಂಪನಿಯ ಜೀನ್ ಪರೀಕ್ಷೆ ಮಾಡಿಸಿದ. ಪುಟ್ಟ ಕೊಳವೆಯಲ್ಲಿ ಜೊಲ್ಲು ತುಂಬಿ ಕಳುಹಿಸಿದ್ದೆವು. ವರದಿಯಲ್ಲಿ "ವಿಡಿಆರ್ ಜೀನ್, ಫಾಕ್ ಒನ್: ಅಪಾಯದ ರೂಪ" ಎಂದು ಕೆಂಪು ಬಣ್ಣದಲ್ಲಿದೆ. ಕೆಳಗೆ, ವಿಟಮಿನ್ ಡಿ ಸರಿಯಾಗಿ ಕೆಲಸ ಮಾಡದಿರಬಹುದು, ಟೈಪ್ 1 ಮಧುಮೇಹದ ಅಪಾಯ ಹೆಚ್ಚು ಎಂಬ ಎರಡು ಸಾಲು. ಬಂಧುಗಳೊಬ್ಬರು ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯ ಪೊಟ್ಟಣ ಕೊಡು, ಕಾಯಿಲೆ ತಡೆಯುತ್ತದೆ ಎನ್ನುತ್ತಿದ್ದಾರೆ. ಪೊಟ್ಟಣ ತಂದೂ ಆಗಿದೆ, ಅಡುಗೆಮನೆಯ ಶೆಲ್ಫಿನಲ್ಲಿದೆ.

ಕೊಡಲೇ? ಅಷ್ಟಕ್ಕೂ ಈ ವರದಿಯನ್ನು ಎಷ್ಟು ನಂಬಬೇಕು?

—

ಮಕ್ಕಳ ವೈದ್ಯೆ, ದಾವಣಗೆರೆ

ತುಂಗಾತೀರ ಅವರೇ, ಮೊದಲು ಆ ಪೊಟ್ಟಣವನ್ನು ಶೆಲ್ಫಿನಲ್ಲಿಯೇ ಬಿಡಿ. ರಕ್ತ ಪರೀಕ್ಷೆ ಇಲ್ಲದೆ, ನಿಮ್ಮ ವೈದ್ಯರು ಹೇಳದೆ, ನಾಲ್ಕು ವರ್ಷದ ಮಗುವಿಗೆ ವಾರವಾರ 60,000 ಯೂನಿಟ್ ಕೊಡಬೇಡಿ. ಒಂದರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಐಸಿಎಂಆರ್‌ನ 2020ರ ಶಿಫಾರಸು ದಿನಕ್ಕೆ 600 ಯೂನಿಟ್. ವರ್ಷ ತುಂಬದ ಕೂಸಿಗೆ 400. ವಾರಕ್ಕೊಂದು ಪೊಟ್ಟಣ ಎಂದರೆ ದಿನಕ್ಕೆ ಎಂಟು ಸಾವಿರಕ್ಕೂ ಹೆಚ್ಚಾಯಿತು, ಬೇಕಾದ್ದರ ಹದಿನಾಲ್ಕು ಪಟ್ಟು. ವಿಟಮಿನ್ ಸಿ ಆಗಿದ್ದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತಿತ್ತು. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತು ತಿಂಗಳುಗಟ್ಟಲೆ ಉಳಿಯುತ್ತದೆ.

ಮಗನಿಗೆ 25-ಹೈಡ್ರಾಕ್ಸಿ ವಿಟಮಿನ್ ಡಿ ರಕ್ತ ಪರೀಕ್ಷೆ ಎಂದಾದರೂ ಮಾಡಿಸಿದ್ದೀರಾ? 20ಕ್ಕಿಂತ ಮೇಲಿದ್ದರೆ ಸಾಕು, 12ರಿಂದ 20 ಕಡಿಮೆ, 12ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಅವನ ದೇಹದಲ್ಲಿ ಇವತ್ತು ಎಷ್ಟಿದೆ ಎಂಬುದನ್ನು ಹೇಳುವುದು ಈ ಸಂಖ್ಯೆ, ಜೀನ್ ಅಲ್ಲ.

ಮಗಳ ವಿಷಯ ಓದಿ ಸಂಕಟವಾಯಿತು. ಹೊಟ್ಟೆಯ ಸೋಂಕು ಎಂದು ತಪ್ಪು ತಿಳಿಯುವುದು ನಮ್ಮಲ್ಲಿ ಈಗಲೂ ನಡೆಯುತ್ತಿದೆ. ಅತಿಯಾಗಿ ನೀರು ಕುಡಿಯುವ, ತೂಕ ಇಳಿಯುವ, ವಾಂತಿ ಮಾಡುವ ಮಗುವಿಗೆ ಬೆರಳು ಚುಚ್ಚಿ ಸಕ್ಕರೆ ನೋಡಲು ಒಂದು ನಿಮಿಷ ಸಾಕು.

—

ಕಿರುಕೋಶ, ಮೈಸೂರು

ಜೀನ್ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ ಅನುಭವದಿಂದ ಆ ಕೆಂಪು ಸಾಲಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉದ್ದವಾಗುತ್ತದೆ, ತಾಳ್ಮೆಯಿರಲಿ.

ಚರ್ಮದಲ್ಲಿ ಕೊಲೆಸ್ಟ್ರಾಲಿನ ಹಿಂದಿನ ಹಂತದ ಒಂದು ವಸ್ತುವಿದೆ. ಬಿಸಿಲಿನ ಯುವಿ-ಬಿ ಕಿರಣ ತಾಗಿದಾಗ ಅದು ವಿಟಮಿನ್ ಡಿ ಆಗುತ್ತದೆ. ಡಿಎಚ್‌ಸಿಆರ್7 ಎಂಬ ಕಿಣ್ವ ಅದೇ ವಸ್ತುವನ್ನು ಕೊಲೆಸ್ಟ್ರಾಲಿನ ಕಡೆಗೆ ಎಳೆದುಕೊಳ್ಳುತ್ತಿರುತ್ತದೆ, ಹಾಗಾಗಿ ಆ ಜೀನ್ ಚುರುಕಾಗಿರುವವರಲ್ಲಿ ಡಿ ತಯಾರಾಗುವುದು ಸ್ವಲ್ಪ ಕಡಿಮೆ. ಹುಟ್ಟಿದ ಡಿ ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಸಿವೈಪಿ2ಆರ್1 ಅದನ್ನು ಸಂಗ್ರಹದ ರೂಪಕ್ಕೆ ತರುತ್ತದೆ. ಡಾಕ್ಟರು ಹೇಳಿದ ರಕ್ತ ಪರೀಕ್ಷೆ ಅಳೆಯುವುದು ಇದನ್ನೇ. ಆಮೇಲೆ ಮೂತ್ರಪಿಂಡದಲ್ಲಿ, ಮತ್ತು ರೋಗನಿರೋಧಕ ಕೋಶಗಳ ಒಳಗೂ, ಸಿವೈಪಿ27ಬಿ1 ಕಿಣ್ವ ಅದನ್ನು ಕೆಲಸಕ್ಕೆ ಸಿದ್ಧವಾದ ಹಾರ್ಮೋನ್ ಮಾಡುತ್ತದೆ. ಕೊನೆಗೆ ಅದು ಹೋಗಿ ಕೂರುವ ಪೀಠವೇ ವಿಡಿಆರ್, ಅಂದರೆ ವಿಟಮಿನ್ ಡಿ ಗ್ರಾಹಕ. 12ನೇ ವರ್ಣತಂತುವಿನ ಮೇಲಿರುವ ಜೀನ್ ಇದು.

ಈ ಪೀಠ ರೋಗನಿರೋಧಕ ಕೋಶಗಳಲ್ಲೂ ಇದೆ ಎಂದು ಗೊತ್ತಾದಾಗಲೇ ವಿಜ್ಞಾನಿಗಳ ಕಿವಿ ನಿಮಿರಿತು. ಏಕೆಂದರೆ ಟೈಪ್ 1 ಎಂದರೆ ದೇಹದ ಕಾವಲು ಪಡೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ಬೀಳುವುದು. ವಿಟಮಿನ್ ಡಿ ಆ ಪಡೆಯನ್ನು ಶಾಂತಗೊಳಿಸುವ ಗುಣವುಳ್ಳದ್ದು. ಹಾಗಾದರೆ ಪೀಠದಲ್ಲೇ ವ್ಯತ್ಯಾಸವಿದ್ದರೆ? ಪ್ರಶ್ನೆ ತುಂಬ ಸಹಜವಾದದ್ದು.

ಇನ್ನು ಫಾಕ್ ಒನ್. ಇದು ಕಾಯಿಲೆಯ ಹೆಸರಲ್ಲ, ಡಿಎನ್‌ಎಯನ್ನು ನಿರ್ದಿಷ್ಟ ಅಕ್ಷರಗಳ ಜಾಗದಲ್ಲಿ ಕತ್ತರಿಸುವ ಬ್ಯಾಕ್ಟೀರಿಯಾದ ಕಿಣ್ವದ ಹೆಸರು. ಹಿಂದೆ ಆ ಕತ್ತರಿ ಹಾಕಿ, ತುಂಡಾಯಿತೇ ಇಲ್ಲವೇ ಎಂದು ನೋಡಿ ವ್ಯತ್ಯಾಸ ಗುರುತಿಸುತ್ತಿದ್ದರು, ಹೆಸರು ಹಾಗೆಯೇ ಉಳಿಯಿತು. ವಿಡಿಆರ್‌ನಲ್ಲಿ ಬಿಎಸ್‌ಎಂ ಒನ್, ಆಪಾ ಒನ್, ಟ್ಯಾಕ್ ಒನ್ ಎಂಬ ಇನ್ನೂ ಮೂರು ಪ್ರಸಿದ್ಧ ಜಾಗಗಳಿವೆ. ಫಾಕ್ ಒನ್ ಜಾಗದಲ್ಲಿ ಒಂದು ಅಕ್ಷರ ಬದಲಾದರೆ ಪ್ರೋಟೀನ್ ಶುರುವಾಗುವ ಬಿಂದು ತುಸು ಸರಿಯುತ್ತದೆ. ಒಂದು ರೂಪದಲ್ಲಿ 424 ಅಮೈನೋ ಆಮ್ಲಗಳು, ಇನ್ನೊಂದರಲ್ಲಿ 427. ಗಿಡ್ಡನೆಯದು ಸ್ವಲ್ಪ ಚುರುಕು. ಇಷ್ಟೇ ವ್ಯತ್ಯಾಸ. ಎರಡೂ ರೂಪಗಳು ಆರೋಗ್ಯವಂತರಲ್ಲಿ ಧಾರಾಳವಾಗಿವೆ. ನಿಮ್ಮ ಬೀದಿಯ ಪ್ರತಿ ಮನೆಯಲ್ಲೂ ಪರೀಕ್ಷೆ ಮಾಡಿಸಿದರೆ ಮನೆಮನೆಗೂ ಕೆಂಪು ಸಾಲಿನ ವರದಿ ಬಂದೀತು, ಆ ಬೀದಿಯಲ್ಲಿ ಟೈಪ್ 1 ಇರುವ ಮಗು ನಿಮ್ಮದೊಂದೇ ಇರಬಹುದು.

ಟೈಪ್ 1ರಲ್ಲಿ ನಿಜವಾಗಿ ಭಾರವಾದ ಜೀನ್‌ಗಳು 6ನೇ ವರ್ಣತಂತುವಿನ ಎಚ್‌ಎಲ್‌ಎ ಗುಂಪಿನವು, ಅಂದರೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಕಾವಲು ಪಡೆಗೆ ಗುರುತು ತೋರಿಸುವಂಥವು. ವಂಶದಿಂದ ಬರುವ ಅಪಾಯದ ಹೆಚ್ಚುಕಡಿಮೆ ಅರ್ಧ ಅಲ್ಲಿಯೇ ಇದೆ. ನಿಮ್ಮ ವರದಿಯಲ್ಲಿ ಎಚ್‌ಎಲ್‌ಎ ಬಗ್ಗೆ ಏನಾದರೂ ಇದೆಯೇ? ಇಲ್ಲದಿದ್ದರೆ ಅದು ಮನೆಯ ತೊಲೆಯನ್ನು ಬಿಟ್ಟು ಕಿಟಕಿಯ ಚಿಲಕ ನೋಡಿದಂತೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

—

ತುಂಗಾತೀರ

ಎಚ್‌ಎಲ್‌ಎ ಎಂಬ ಪದವೇ ಇಲ್ಲ. ಈಗಷ್ಟೇ ಎಲ್ಲ ಪುಟಗಳನ್ನೂ ತಿರುವಿದೆ.

—

ಓದುವ ಹುಡುಗ, ಬೆಳಗಾವಿ

ಕಿರುಕೋಶ ಸರ್, ನಾನು ಬಯೋಟೆಕ್ನಾಲಜಿ ಎಂಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಒಂದು ಸಂದೇಹ. ವಿಡಿಆರ್ ಮತ್ತು ಟೈಪ್ 1ರ ಸಂಬಂಧ ಕುರಿತ ಮೊದಮೊದಲ ಅಧ್ಯಯನಗಳಲ್ಲಿ ಒಂದು ನಮ್ಮ ಜನರ ಮೇಲೆಯೇ ನಡೆದದ್ದು ಅಲ್ಲವೇ? 1997ರಲ್ಲಿ ಪ್ರಕಟವಾದದ್ದು, ದಕ್ಷಿಣ ಭಾರತದ 93 ಕುಟುಂಬಗಳು, ಚೆನ್ನೈನ ಡಾ. ಎ. ರಾಮಚಂದ್ರನ್ ಅವರೂ ಅದರಲ್ಲಿ ಪಾಲುಗೊಂಡಿದ್ದರು. ಬಿಎಸ್‌ಎಂ ಒನ್ ಜಾಗದ ಒಂದು ರೂಪ ಕಾಯಿಲೆ ಬಂದ ಮಕ್ಕಳಿಗೆ ನಿರೀಕ್ಷೆಗಿಂತ ಹೆಚ್ಚಾಗಿ ದಾಟಿತ್ತು. ಯುರೋಪಿನವರಲ್ಲಿ ಏನೇ ಇರಲಿ, ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು ಈ ಫಲಿತಾಂಶವೇ ಎಂದು ನನಗೆ ತೋರುತ್ತದೆ. ಇದನ್ನು ಬದಿಗೆ ಸರಿಸುವುದು ಸರಿಯೇ?

—

ಕಿರುಕೋಶ

ಬಹಳ ಒಳ್ಳೆಯ ಪ್ರಶ್ನೆ. ಆ ಅಧ್ಯಯನದ ಬಗ್ಗೆ ನನಗೆ ಗೌರವವಿದೆ, ವಿಧಾನವೂ ಚೆನ್ನಾಗಿತ್ತು. ತಂದೆತಾಯಿಯ ಎರಡು ರೂಪಗಳಲ್ಲಿ ಯಾವುದು ಕಾಯಿಲೆಯ ಮಗುವಿಗೆ ಬಂತು ಎಂದು ಎಣಿಸುವುದು. ಸಂಬಂಧವೇ ಇಲ್ಲದಿದ್ದರೆ ಅರ್ಧಕ್ಕರ್ಧ ಬರಬೇಕು.

ಆದರೆ 93 ಕುಟುಂಬ ಎಂಬುದೇ ಕಷ್ಟ. ಚೌಕಾಬಾರ ಆಡುವಾಗ ಒಬ್ಬರಿಗೆ ಮೇಲಿಂದ ಮೇಲೆ ಮೂರು ಸಲ ಚೌಕ ಬಿದ್ದರೆ ಕವಡೆಯಲ್ಲೇ ಏನೋ ಇದೆ ಅನ್ನಿಸುತ್ತದೆ. ಅದೇ ಕವಡೆಯನ್ನು ಸಾವಿರ ಸಲ ಹಾಕಿ ನೋಡಿದರೆ ಗೊತ್ತಾಗುತ್ತದೆ. 2004ರಲ್ಲಿ ಕೇಂಬ್ರಿಜ್ ತಂಡ ಮಾಡಿದ್ದು ಅದನ್ನೇ. ವಿಡಿಆರ್ ಜೀನಿನ ಉದ್ದಕ್ಕೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿ, ಫಾಕ್ ಒನ್ ಸೇರಿದಂತೆ, 3,763 ಕುಟುಂಬಗಳವರೆಗೆ ಪರೀಕ್ಷಿಸಿತು. ಸಂಬಂಧಕ್ಕೆ ಪುರಾವೆ ಸಿಗಲಿಲ್ಲ. 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದವರಿಗೂ ಸಿಗಲಿಲ್ಲ.

ನಿಮ್ಮ ಮಾತಿನಲ್ಲಿ ನಾನು ಒಪ್ಪುವ ಭಾಗವೂ ಇದೆ. ಆ ಸಾವಿರಾರು ಕುಟುಂಬಗಳು ಯುರೋಪ್ ಮೂಲದವು. ಏಷ್ಯಾದ ಸಣ್ಣ ಸಣ್ಣ ಅಧ್ಯಯನಗಳನ್ನು ಕೂಡಿಸಿ, ಬಿಎಸ್‌ಎಂ ಒನ್ ವಿಷಯದಲ್ಲಿ ಸಂಬಂಧ ಕಾಣುತ್ತದೆ ಎಂದು ಬರೆದವರೂ ಇದ್ದಾರೆ. ನಮ್ಮ ಮಕ್ಕಳಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ನೋಡಬೇಕು, ಇದು ನನ್ನ ಬಹುದಿನದ ಕೊರಗು. ಆದರೆ ತುಂಗಾತೀರ ಅವರ ಮಗನ ವರದಿಯಲ್ಲಿರುವುದು ಫಾಕ್ ಒನ್. ಚೆನ್ನೈನ ಅಧ್ಯಯನ ಎತ್ತಿ ಹಿಡಿದದ್ದು ಅದನ್ನಲ್ಲ.

ಇನ್ನೂ ಕುತೂಹಲದ ಸಂಗತಿ ಎಂದರೆ ಪೀಠದ ಜೀನಿನಲ್ಲಿ ಸಿಗದ ಸುಳಿವು ಬೇರೆ ಕಡೆ ಸಿಕ್ಕಿತು. 2011ರಲ್ಲಿ ಬ್ರಿಟನ್ನಿನ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ಜೊತೆ ಹೋಲಿಸಿದಾಗ ಡಿಎಚ್‌ಸಿಆರ್7, ಸಿವೈಪಿ2ಆರ್1, ಸಿವೈಪಿ27ಬಿ1 ಈ ಮೂರರಲ್ಲೂ ಸಣ್ಣ ಸಂಬಂಧ ಕಂಡಿತು. ಅಂದರೆ ಡಿ ತಯಾರಾಗುವ ದಾರಿಯ ಜೀನ್‌ಗಳು. ಆಗ ನಮ್ಮ ಪ್ರಯೋಗಾಲಯದಲ್ಲೂ ಉತ್ಸಾಹ ಉಕ್ಕಿತ್ತು, ನನಗೆ ಚೆನ್ನಾಗಿ ನೆನಪಿದೆ.

2021ರಲ್ಲಿ ಕೆನಡಾದ ಮಾಂಟ್ರಿಯಲ್‌ನ ತಂಡ ಪ್ರಶ್ನೆಯನ್ನು ತಿರುಗಿಸಿ ಕೇಳಿತು. ಹುಟ್ಟುವಾಗ ತಂದೆತಾಯಿಯಿಂದ ಯಾವ ಜೀನ್ ಬರುತ್ತದೆ ಎಂಬುದು ಚೀಟಿ ಎತ್ತಿದಂತೆ. ಕೆಲವರಿಗೆ ಜೀವನಪೂರ್ತಿ ಡಿ ಸ್ವಲ್ಪ ಕಡಿಮೆ ಇರುವಂಥ ಚೀಟಿ ಬಂದಿರುತ್ತದೆ. ಅದಕ್ಕೂ ಬಡತನಕ್ಕೂ ಊಟಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಕಡಿಮೆ ಡಿಯೇ ಕಾಯಿಲೆಗೆ ಕಾರಣವಾದರೆ ಆ ಚೀಟಿಯವರಲ್ಲಿ ಟೈಪ್ 1 ಹೆಚ್ಚಿರಬೇಕು. 9,358 ರೋಗಿಗಳು, 15,705 ಆರೋಗ್ಯವಂತರು. ದೊಡ್ಡ ಪರಿಣಾಮವೇನೂ ಕಾಣಲಿಲ್ಲ. ತೀರಾ ಸಣ್ಣ ಪರಿಣಾಮ ಇದ್ದರೂ ಇರಬಹುದು, ಅದನ್ನು ಈ ವಿಧಾನ ಅಲ್ಲಗಳೆಯಲಾರದು.

—

ಟ್ಯಾಂಪೆರೆ ಕನ್ನಡಿಗ, ಫಿನ್ಲೆಂಡ್

ಮೇಲಿನದನ್ನೆಲ್ಲ ಓದಿದೆ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ, ಕ್ಷಮಿಸಿ. ನಾನಿರುವ ದೇಶದಲ್ಲಿ ಈ ಕಾಯಿಲೆ ಪ್ರಪಂಚದಲ್ಲೇ ಅತಿ ಹೆಚ್ಚು. 2005ರ ಸುಮಾರಿಗೆ ಹದಿನೈದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 60ಕ್ಕೂ ಹೆಚ್ಚು ಮಕ್ಕಳಿಗೆ ಬರುತ್ತಿತ್ತು. ನನ್ನ ಮಗಳ ತರಗತಿಯಲ್ಲಿ ತೋಳಿಗೆ ಸಕ್ಕರೆಯ ಸೆನ್ಸರ್ ಅಂಟಿಸಿಕೊಂಡ ಮಕ್ಕಳು ಇಬ್ಬರಿದ್ದಾರೆ, ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಕತ್ತಲಲ್ಲಿ ಮಗಳನ್ನು ಶಾಲೆಗೆ ಬಿಡುತ್ತೇನೆ, ಕೆಲಸ ಮುಗಿಸಿ ಕರೆತರುವಾಗಲೂ ಕತ್ತಲೇ. ಅವಳು ಹುಟ್ಟಿ ಎರಡು ವಾರಕ್ಕೆ ತಾಯಿ-ಮಗುವಿನ ಕ್ಲಿನಿಕ್‌ನ ನರ್ಸ್ ವಿಟಮಿನ್ ಡಿ ಹನಿಗಳನ್ನು ಶುರು ಮಾಡಿಸಿದರು, ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್.

ಇದೇ ಫಿನ್ಲೆಂಡಿನಲ್ಲಿ 1960ರ ದಶಕದಲ್ಲಿ ಕೂಸುಗಳಿಗೆ ದಿನಕ್ಕೆ 2,000 ಯೂನಿಟ್ ಶಿಫಾರಸು ಇತ್ತು. ಅದಕ್ಕೂ ಹಿಂದೆ ನಾಲ್ಕೈದು ಸಾವಿರ. 1975ರಲ್ಲಿ 1,000ಕ್ಕೆ, 1992ರಲ್ಲಿ 400ಕ್ಕೆ ಇಳಿಸಿದರು. ಅದೇ ದಶಕಗಳಲ್ಲಿ ಮಕ್ಕಳ ಮಧುಮೇಹ ಏರುತ್ತಲೇ ಹೋಯಿತು. ಊಲು ಮತ್ತು ಲ್ಯಾಪ್‌ಲ್ಯಾಂಡ್ ಪ್ರಾಂತ್ಯಗಳಲ್ಲಿ 1966ರಲ್ಲಿ ಹುಟ್ಟಿದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೂವತ್ತು ವರ್ಷ ಹಿಂಬಾಲಿಸಿ ಎಲಿನಾ ಹಿಪ್ಪೋನೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು ನಿಮಗೆ ಗೊತ್ತಿರಬೇಕು. ಹೇಳಿದ 2,000 ಯೂನಿಟ್ಟನ್ನು ತಪ್ಪದೆ ಪಡೆದ ಮಕ್ಕಳಲ್ಲಿ ಅಪಾಯ ಶೇಕಡಾ 80ರಷ್ಟು ಕಡಿಮೆ. ರಿಕೆಟ್ಸ್ (ಡಿ ಕೊರತೆಯಿಂದ ಮೂಳೆ ಮೆತ್ತಗಾಗುವುದು) ಇರಬಹುದೆಂದು ಶಂಕಿಸಲಾದ ಮಕ್ಕಳಲ್ಲಿ ಮೂರು ಪಟ್ಟು ಹೆಚ್ಚು. ಇದನ್ನು ಕಣ್ಣೆದುರು ಇಟ್ಟುಕೊಂಡು ಡಿಗೂ ಕಾಯಿಲೆಗೂ ಸಂಬಂಧವಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಎರಡು ಹನಿ ಹೆಚ್ಚು ಹಾಕಿದ ತಾಯಂದಿರನ್ನು ನಾನು ದೂರಲಾರೆ.

—

ಮಕ್ಕಳ ವೈದ್ಯೆ, ದಾವಣಗೆರೆ

ಟ್ಯಾಂಪೆರೆಯವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆ ಅಧ್ಯಯನ ಓದಿದಾಗ ನಾನೂ ಅಲುಗಾಡಿದ್ದೆ. ಆದರೆ ಅಷ್ಟು ಮಕ್ಕಳಲ್ಲಿ ಮಧುಮೇಹ ಬಂದವರು 81. ಹನಿಗಳನ್ನೇ ಪಡೆಯದ ಮಕ್ಕಳು ಬೆರಳೆಣಿಕೆಯಷ್ಟು. ದಿನ ತಪ್ಪದೆ ಹನಿ ಹಾಕುವ ಮನೆ ಬೇರೆ ವಿಷಯಗಳಲ್ಲೂ ಬೇರೆಯೇ ಇರುತ್ತದೆ.

ನಿಮ್ಮ ಪೂರ್ವದ ಗಡಿ ದಾಟಿ ನೋಡಿ. ರಷ್ಯಾದ ಕರೇಲಿಯಾದಲ್ಲಿ ಅದೇ ಅಕ್ಷಾಂಶ, ಅದೇ ಕತ್ತಲೆಯ ಚಳಿಗಾಲ, ಎಚ್‌ಎಲ್‌ಎ ಅಪಾಯವೂ ಹತ್ತಿರಹತ್ತಿರ ಒಂದೇ. ಮಕ್ಕಳ ಟೈಪ್ 1 ಮಾತ್ರ ಫಿನ್ಲೆಂಡಿನ ಆರನೇ ಒಂದು ಭಾಗ. ಎರಡೂ ಕಡೆಯ ಗರ್ಭಿಣಿಯರ ರಕ್ತದಲ್ಲಿ ವಿಟಮಿನ್ ಡಿ ಅಳೆದರು, ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇನ್ನೊಂದು ತುದಿಯಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪ. ಅಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಫಿನ್ಲೆಂಡಿನ ನಂತರದ ಸಾಲಿನಲ್ಲಿ ಬರುವುದು ಅದೇ. ಬಿಸಿಲಿನ ಲೆಕ್ಕ ಒಂದೇ ಆಗಿದ್ದರೆ ಈ ಎರಡು ಊರುಗಳು ಹೀಗಿರುತ್ತಿರಲಿಲ್ಲ.

ಕಾಯಿಲೆ ಬಂದ ಮಕ್ಕಳಲ್ಲಿ ಡಿ ಕಡಿಮೆ ಇತ್ತು ಎಂದು ತೋರಿಸುವ ಅಧ್ಯಯನಗಳು ಸಾಲುಸಾಲಾಗಿವೆ. ಅವುಗಳಲ್ಲಿ ಹೆಚ್ಚಿನವು ಅಳೆದದ್ದು ಕಾಯಿಲೆ ಬಂದ ಮೇಲೆ. ತಿಂಗಳುಗಟ್ಟಲೆ ಸೊರಗಿದ ಮಗುವಿನಲ್ಲಿ ಯಾವುದು ಕಾರಣ, ಯಾವುದು ಫಲ ಎಂದು ಹೇಗೆ ಬೇರ್ಪಡಿಸುವುದು?

—

ಕಿರುಕೋಶ

ಡಾಕ್ಟರ ಮಾತಿಗೆ ಒಂದು ಸೇರ್ಪಡೆ, ಟ್ಯಾಂಪೆರೆಯವರ ಪರವಾಗಿಯೇ. ಕಾಯಿಲೆ ಬರುವ ಮುಂಚಿನಿಂದ ಅಳೆದ ಒಂದು ಅಧ್ಯಯನವಿದೆ, ಹೆಸರು ಟೆಡ್ಡಿ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಎಚ್‌ಎಲ್‌ಎ ನೋಡಿ, ಅಪಾಯವಿರುವ 8,676 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದರು. 2018ರಲ್ಲಿ ಬಂದ ಅವರ ಫಲಿತಾಂಶದ ಪ್ರಕಾರ ಶೈಶವದಲ್ಲೂ ಬಾಲ್ಯದಲ್ಲೂ ರಕ್ತದಲ್ಲಿ ಡಿ ಹೆಚ್ಚಿದ್ದ ಮಕ್ಕಳಲ್ಲಿ ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳು, ಅಂದರೆ ಕಾವಲು ಪಡೆ ದಾಳಿ ಶುರು ಮಾಡಿದ್ದಕ್ಕೆ ರಕ್ತದಲ್ಲಿ ಸಿಗುವ ಗುರುತು, ಕಾಣಿಸಿಕೊಂಡದ್ದು ಸ್ವಲ್ಪ ಕಡಿಮೆ. ಈ ಚರ್ಚೆಗೆ ನೇರವಾಗಿ ತಾಗುವ ಮಾತು ಮುಂದಿದೆ. ಬಾಲ್ಯದ ಡಿ ಮಟ್ಟದ ಆ ಸಂಬಂಧ ವಿಡಿಆರ್‌ನ ಆಪಾ ಒನ್ ಜಾಗದ ಒಂದು ನಿರ್ದಿಷ್ಟ ರೂಪ ಇದ್ದ ಮಕ್ಕಳಲ್ಲಿ ಎದ್ದು ಕಂಡಿತು. ಅಂದರೆ ಜೀನ್ ಒಂಟಿಯಾಗಿ ಏನೂ ಮಾಡದಿದ್ದರೂ, ಡಿ ಎಷ್ಟಿದೆ ಎಂಬುದರ ಜೊತೆ ಸೇರಿದಾಗ ಏನೋ ಇರಬಹುದು.

ಆದರೆ ಅಮೆರಿಕದ ಕೊಲೊರಾಡೋದಲ್ಲಿ ಹೀಗೆಯೇ ಹಿಂಬಾಲಿಸಿದವರಿಗೆ 2011ರಲ್ಲಿ ಡಿಗೂ ಪ್ರತಿಕಾಯಕ್ಕೂ ಸಂಬಂಧ ಕಾಣಲಿಲ್ಲ, ಫಿನ್ಲೆಂಡಿನ ಮಕ್ಕಳಲ್ಲೇ ಅಳೆದ ಇನ್ನೊಂದು ತಂಡಕ್ಕೂ ಕಾಣಲಿಲ್ಲ. ಇಲಿಗಳ ಕಥೆಯೂ ಹೀಗೆಯೇ ಇದೆ. ತಾನಾಗಿ ಮಧುಮೇಹ ಬರುವ ಎನ್‌ಒಡಿ ತಳಿಯ ಇಲಿಗಳಿಗೆ ಸಕ್ರಿಯ ವಿಟಮಿನ್ ಡಿ ಕೊಟ್ಟರೆ ಕಾಯಿಲೆ ತಗ್ಗಿತು. ಆದರೆ ಅದೇ ತಳಿಯಲ್ಲಿ ವಿಡಿಆರ್ ಜೀನನ್ನೇ ತೆಗೆದುಹಾಕಿದಾಗ ಕಾಯಿಲೆ ಹೆಚ್ಚಾಗಬೇಕಿತ್ತಲ್ಲವೇ? ಆಗಲಿಲ್ಲ. ಪೀಠವೇ ಇಲ್ಲದ ಇಲಿಗೂ ಹೆಚ್ಚು ತೊಂದರೆಯಾಗಲಿಲ್ಲ ಎಂದ ಮೇಲೆ, ಪೀಠದಲ್ಲಿ ಮೂರು ಅಮೈನೋ ಆಮ್ಲ ಹೆಚ್ಚಿರುವ ಮಗುವಿಗಾಗಿ ನಿದ್ದೆಗೆಡುವುದು ಬೇಡ.

—

ಟ್ಯಾಂಪೆರೆ ಕನ್ನಡಿಗ

ಇಲಿಯ ವಿಷಯ ನನಗೆ ತಿಳಿದಿರಲಿಲ್ಲ. ಕರೇಲಿಯಾದ್ದು ಕೇಳಿದ್ದೆ, ಅಲ್ಲಿ ಮಕ್ಕಳು ಸೋಂಕುಗಳ ನಡುವೆ ಬೆಳೆಯುವುದೇ ಕಾರಣ ಎಂದು ಇಲ್ಲಿ ಹಲವರು ನಂಬುತ್ತಾರೆ. 400 ಯೂನಿಟ್ ನಾನು ನಿಲ್ಲಿಸುವುದಿಲ್ಲ, ಇಲ್ಲಿನ ಕತ್ತಲಿಗೆ ಅದು ಮೂಳೆಗಾಗಿ ಬೇಕೇ ಬೇಕು. ಆದರೆ 2,000ಕ್ಕೆ ಏರಿಸಬೇಕು ಎಂದು ಹೆಂಡತಿಯೊಡನೆ ವಾದಿಸುತ್ತಿದ್ದೆ, ಆ ವಾದವನ್ನು ಇವತ್ತಿಗೆ ಬಿಟ್ಟೆ.

ತುಂಗಾತೀರ ಅವರಿಗೆ ಇನ್ನೊಂದು ಮಾತು. ನಮ್ಮ ಪಕ್ಕದ ಮನೆಯ ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತ ತೆಗೆದು ಅಪಾಯದ ಜೀನ್ ನೋಡಿದ್ದರು. 1994ರಿಂದ ಇಲ್ಲಿ ನಡೆಯುತ್ತಿರುವ ಅಧ್ಯಯನ ಅದು. ಅವರು ನೋಡುವುದು ಎಚ್‌ಎಲ್‌ಎಯನ್ನು. ವಿಡಿಆರ್ ನೋಡಿ ಯಾವ ತಾಯಿಗೂ ಎಚ್ಚರಿಕೆಯ ಪತ್ರ ಕೊಡುವುದನ್ನು ನಾನು ಕಂಡಿಲ್ಲ.

—

ಹೇಮಾವತಿ ದಂಡೆ, ಹಾಸನ

ನಾನು ನರ್ಸ್. 60,000 ಯೂನಿಟ್ಟಿನ ವಿಷಯ ಬಂದದ್ದರಿಂದ, ಹಿಂದಿನ ವರ್ಷ ನಮ್ಮ ವಾರ್ಡಿಗೆ ಬಂದ ಒಂದು ಕೂಸಿನ ಬಗ್ಗೆ ಹೇಳಲೇಬೇಕು. ಎಂಟು ತಿಂಗಳ ಗಂಡುಮಗು. ಹತ್ತು ದಿನಗಳಿಂದ ಮಲ ಹೋಗಿಲ್ಲ, ಹಾಲು ಕುಡಿದರೆ ವಾಂತಿ, ಕುತ್ತಿಗೆ ನಿಲ್ಲುತ್ತಿರಲಿಲ್ಲ, ಅಳಲೂ ಶಕ್ತಿಯಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ 15 ದಾಟಿತ್ತು, ಡಿ ಮಿತಿಮೀರಿದಾಗ ಅದು ಹೀಗೆ ಏರುತ್ತದೆ. ಏನೇನು ಔಷಧಿ ಕೊಡುತ್ತಿದ್ದೀರಿ, ಎಲ್ಲ ತನ್ನಿ ಎಂದಾಗ ಆ ತಾಯಿ ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದ ಬಾಟಲಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. 5 ಮಿಲಿಲೀಟರಿನ ಪುಟ್ಟ ಬಾಟಲಿ, ಒಂದೊಂದರಲ್ಲೂ 60,000 ಯೂನಿಟ್. ಬರೆದುಕೊಟ್ಟದ್ದು ದಿನಕ್ಕೆ ಒಂದು ಮಿಲಿಲೀಟರಿನ ಹನಿ. ಅಂಗಡಿಯಲ್ಲಿ ಕೊಟ್ಟದ್ದು ಇದು. ಚಿಕ್ಕ ಬಾಟಲಿ, ಚಿಕ್ಕ ಮಗು, ದಿನಕ್ಕೊಂದು ಎಂದು ತಿಳಿದು ಹನ್ನೊಂದು ದಿನ ಕುಡಿಸಿದ್ದರು.

ಮಗು ಉಳಿಯಿತು. ಮೂರು ವಾರ ಡ್ರಿಪ್ ಹಾಕಿ, ದಿನ ಬಿಟ್ಟು ದಿನ ರಕ್ತ ತೆಗೆದು, ಅಂತೂ ಕ್ಯಾಲ್ಸಿಯಂ ಇಳಿಯಿತು. ಆ ತಾಯಿ ಬಾಟಲಿಗಳನ್ನು ಸಾಲಾಗಿ ಇಟ್ಟದ್ದು ನನಗೆ ಮರೆಯುವುದಿಲ್ಲ. ಎಷ್ಟು ಜೋಪಾನವಾಗಿ ಕೊಟ್ಟಿದ್ದರೆಂದರೆ ಒಂದು ತೊಟ್ಟೂ ಉಳಿದಿರಲಿಲ್ಲ.

ಹನಿಯ ಬಾಟಲಿಗಳಲ್ಲೂ ಮಿಲಿಲೀಟರಿಗೆ 400 ಯೂನಿಟ್ಟಿನದು ಬೇರೆ, 800ರದು ಬೇರೆ. ಬಾಟಲಿ ಬದಲಾದ ಪ್ರತಿ ಸಲವೂ ಓದಿ ನೋಡಿ.

—

ಮಲೆನಾಡಿನ ಅಜ್ಜ, ತೀರ್ಥಹಳ್ಳಿ

ಮಗಳೇ ತುಂಗಾತೀರ, ನಮ್ಮ ಕಾಲದಲ್ಲಿ ಕೂಸಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಅಂಗಳದಲ್ಲಿ ಎಳೆಬಿಸಿಲಿಗೆ ಮಲಗಿಸುತ್ತಿದ್ದೆವು. ಯಾವ ಪುಡಿಯೂ ಇರಲಿಲ್ಲ. ಮೊಮ್ಮಗನನ್ನು ಬೆಳಗ್ಗೆ ಏಳು ಗಂಟೆಗೆ ಅಂಗಳಕ್ಕೆ ಬಿಡು, ಸಾಕಾಗುತ್ತದೆ.

—

ಮಕ್ಕಳ ವೈದ್ಯೆ, ದಾವಣಗೆರೆ

ಅಜ್ಜ, ಅಂಗಳಕ್ಕೆ ಬಿಡಬೇಕು ಎಂಬುದು ನೂರಕ್ಕೆ ನೂರು ಸರಿ. ಹೊತ್ತನ್ನು ಮಾತ್ರ ಬದಲಿಸಬೇಕು. ಎಳೆಬಿಸಿಲಿನಲ್ಲಿ ಯುವಿ-ಬಿ ಕಿರಣ ತೀರಾ ಕಡಿಮೆ. ವಿಟಮಿನ್ ಡಿ ಹುಟ್ಟುವುದು ಹನ್ನೊಂದರಿಂದ ಎರಡು ಗಂಟೆಯ ನಡುವಿನ ಬಿಸಿಲಿನಲ್ಲಿ. ಆ ಹೊತ್ತಿಗೆ ನಮ್ಮ ಮಕ್ಕಳು ತರಗತಿಯೊಳಗೆ ಇರುತ್ತಾರೆ. ಮಳೆಗಾಲದಲ್ಲಂತೂ ತೀರ್ಥಹಳ್ಳಿಯಲ್ಲಿ ಬಿಸಿಲು ಕಾಣುವುದೇ ಅಪರೂಪ ಎಂದು ನಿಮಗೇ ಗೊತ್ತು.

—

ಇಪ್ಪತ್ತಾರು ವರ್ಷ, ಧಾರವಾಡ

ಅಕ್ಕ, ನನಗೆ ಎಂಟನೇ ವಯಸ್ಸಿನಲ್ಲಿ ಟೈಪ್ 1 ಬಂತು. ಈಗ ಮೂವತ್ತನಾಲ್ಕು. ಜೀನ್‌ಗಳ ಬಗ್ಗೆ ತಿಳಿದವರು ಹೇಳಿದ್ದಾರೆ, ನಾನು ಮನೆಯೊಳಗಿನ ಮಾತು ಹೇಳುತ್ತೇನೆ.

ಆಗ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅವ್ವ ಒಂದು ಸಣ್ಣ ಮಡಕೆಯಲ್ಲಿ ನೀರು ಹಾಕಿ, ಅದರೊಳಗೆ ಡಬ್ಬಿಯಲ್ಲಿ ಇನ್ಸುಲಿನ್ ಬಾಟಲಿ ಇಡುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಎರಡು ಸಲ ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ನನ್ನ ತಂಗಿ ಆಗ ನಾಲ್ಕು ವರ್ಷದವಳು, ನಿಮ್ಮ ಮಗನ ಹಾಗೆ. ಅವಳು ಎರಡು ಲೋಟ ನೀರು ಹೆಚ್ಚು ಕುಡಿದರೆ ಅವ್ವನ ಮುಖ ಬಿಳಿಚಿಕೊಳ್ಳುತ್ತಿತ್ತು. ರಾತ್ರಿ ಎದ್ದು ಅವಳ ಹಾಸಿಗೆ ಮುಟ್ಟಿ ನೋಡುತ್ತಿದ್ದಳು. ತಂಗಿಗೆ ಇವತ್ತಿಗೂ ಬಂದಿಲ್ಲ, ಎರಡು ಮಕ್ಕಳ ತಾಯಿ. ಆದರೆ ಆ ಭಯವನ್ನು ನೋಡುತ್ತಾ ಬೆಳೆದ ನನಗೆ ಒಂದೇ ಅನ್ನಿಸುತ್ತಿತ್ತು: ನಾನು ಈ ಮನೆಗೆ ತಂದ ಕಾಯಿಲೆ ಇದು. ಯಾರೂ ಹಾಗೆ ಹೇಳಿರಲಿಲ್ಲ. ಮಕ್ಕಳಿಗೆ ಹೇಳದೆಯೂ ಕೇಳಿಸುತ್ತದೆ.

ನಿಮ್ಮ ಮಗಳು ಆ ವರದಿ ನೋಡಿದ್ದಾಳೆಯೇ?

—

ತುಂಗಾತೀರ

ನೋಡಿದ್ದಾಳೆ. "ನನ್ನಿಂದ ಪುಟ್ಟನಿಗೆ ಬರುತ್ತದೆಯಾ ಅಮ್ಮ" ಎಂದು ಕೇಳಿದಳು. ನಾನು ಉತ್ತರ ಕೊಡದೆ ಪಾತ್ರೆ ತೊಳೆಯಲು ಎದ್ದುಹೋದೆ. ನಿಮ್ಮ ಬರಹ ಓದಿದ ಮೇಲೆ ಅದೊಂದು ಎದೆಯಲ್ಲಿ ಚುಚ್ಚುತ್ತಿದೆ.

ಡಾಕ್ಟರೇ, ಅವನಿಗೆ ಬರುವ ಸಾಧ್ಯತೆ ಎಷ್ಟು ಎಂದು ಸಂಖ್ಯೆಯಲ್ಲಿ ಹೇಳಲು ಆಗುತ್ತದೆಯೇ? ಸಮಾಧಾನಕ್ಕೆ ಬೇಡ, ಇದ್ದದ್ದು ಹೇಳಿ.

—

ಮಕ್ಕಳ ವೈದ್ಯೆ, ದಾವಣಗೆರೆ

ಹೇಳುತ್ತೇನೆ. ಕಾಯಿಲೆ ಹೆಚ್ಚಿರುವ ಯುರೋಪ್ ಮೂಲದ ಜನರಲ್ಲಿ, ಅಕ್ಕನಿಗೋ ಅಣ್ಣನಿಗೋ ಟೈಪ್ 1 ಇದ್ದರೆ ಒಡಹುಟ್ಟಿದವರಿಗೆ ಬರುವ ಸಾಧ್ಯತೆ ನೂರರಲ್ಲಿ ಸುಮಾರು ಐದಾರು. ಮನೆಯಲ್ಲಿ ಯಾರಿಗೂ ಇಲ್ಲದವರಲ್ಲಿ ಇದು ಸಾವಿರಕ್ಕೆ ನಾಲ್ಕರಷ್ಟು. ನಮ್ಮಲ್ಲಿ ಕಾಯಿಲೆಯೇ ಕಡಿಮೆ. ಕರ್ನಾಟಕದ ನೋಂದಣಿಯಲ್ಲಿ 1995ರಿಂದ 2008ರವರೆಗೆ ಕಂಡದ್ದು ಲಕ್ಷಕ್ಕೆ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4.0. ಒಂದೇ ಜೀನ್‌ಗಳುಳ್ಳ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರದೇ ಇರುವುದೂ ಸಾಮಾನ್ಯ.

ಕೆಂಪು ಸಾಲಿನಲ್ಲಿರುವುದು ನಿಜವೇ ಎಂದುಕೊಂಡರೂ, ಅಂಥ ಜೀನ್‌ಗಳಿಗೆ ಸಿಕ್ಕಿರುವ ಅಂಕಿಗಳ ಲೆಕ್ಕದಲ್ಲಿ ನೂರರಲ್ಲಿ ಐದು ಎಂಬುದು ಆರಾದೀತು, ಅಷ್ಟೇ.

ನಿಜವಾಗಿ ಮುಂದಿನದನ್ನು ಹೇಳುವ ಪರೀಕ್ಷೆ ಬೇಕೆಂದರೆ ಪ್ರತಿಕಾಯಗಳದ್ದಿದೆ: ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8, ಇನ್ಸುಲಿನ್ ಪ್ರತಿಕಾಯ. ಎರಡು ಅಥವಾ ಹೆಚ್ಚು ಪ್ರತಿಕಾಯಗಳು ಮೂಡಿದ ಮಕ್ಕಳಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ 70 ಮಂದಿಗೆ ಕಾಯಿಲೆ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಟೆಪ್ಲಿಜುಮಾಬ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು, ಕಾಯಿಲೆ ಪ್ರಕಟವಾಗುವುದನ್ನು ಅದು ಸುಮಾರು ಎರಡು ವರ್ಷ ಮುಂದೂಡಿತು. ಆದರೆ ಆ ಒಪ್ಪಿಗೆ ಸಿಕ್ಕದ್ದು ಎಂಟು ವರ್ಷ ದಾಟಿದವರಿಗೆ. ನಿಮ್ಮ ಮಗನಿಗೆ ಈ ಪರೀಕ್ಷೆ ಈಗಲೇ ಬೇಕೇ ಎಂಬುದನ್ನು ಮಗಳನ್ನು ನೋಡುವ ವೈದ್ಯರ ಜೊತೆ ಕೂತು ನಿರ್ಧರಿಸಿ. ಬೇಡ ಎಂದರೂ ತಪ್ಪಲ್ಲ. ನಿಮ್ಮ ಮನೆಯಲ್ಲಿ ಗ್ಲೂಕೋಮೀಟರ್ ಇದೆ, ಲಕ್ಷಣಗಳು ನಿಮಗೆ ಬಾಯಿಪಾಠ. ಹಾಗಾಗಿ ಮಗಳಿಗೆ ಆದಂತೆ ಐಸಿಯುವರೆಗೆ ಹೋಗುವ ಪ್ರಮೇಯ ಇವನಿಗೆ ಬರಲಾರದು.

—

ತುಂಗಾತೀರ
(ಹದಿನಾರು ದಿನಗಳ ನಂತರ)

ಉತ್ತರಿಸಿದ ಎಲ್ಲರಿಗೂ ಋಣಿ. ಮಗನ ರಕ್ತ ಪರೀಕ್ಷೆ ಮಾಡಿಸಿದೆ, ವಿಟಮಿನ್ ಡಿ 16 ಬಂತು. ನಮ್ಮ ವೈದ್ಯರು ದಿನಕ್ಕೊಮ್ಮೆ ಹಾಕುವ ಹನಿ ಬರೆದುಕೊಟ್ಟಿದ್ದಾರೆ, ಮೂರು ತಿಂಗಳಿಗೆ. ಅಂಗಡಿಯಲ್ಲೇ ಬಾಟಲಿ ತಿರುಗಿಸಿ ಓದಿದೆ, ಚೀಟಿಯಲ್ಲಿದ್ದದ್ದೂ ಬಾಟಲಿಯಲ್ಲಿದ್ದದ್ದೂ ತಾಳೆಯಾಯಿತು. ಪೊಟ್ಟಣಗಳನ್ನು ಬಂಧುಗಳಿಗೇ ಹಿಂದಿರುಗಿಸಿದೆ. ಕಾರಣ ಹೇಳಿದಾಗ ಬೇಸರ ಮಾಡಿಕೊಳ್ಳಲಿಲ್ಲ. ಪ್ರತಿಕಾಯ ಪರೀಕ್ಷೆ ಸದ್ಯಕ್ಕೆ ಬೇಡ ಎಂದು ಯಜಮಾನರೂ ನಾನೂ ನಿರ್ಧರಿಸಿದೆವು. ಅಂಗನವಾಡಿಯ ಟೀಚರಿಗೆ ಮಾತ್ರ ನೀರು, ಮೂತ್ರ, ಸುಸ್ತು, ತೂಕ ಈ ನಾಲ್ಕನ್ನೂ ಬರೆದುಕೊಟ್ಟು ಬಂದೆ. ಅವರು ಅದನ್ನು ಗೋಡೆಗೆ ಅಂಟಿಸಿದ್ದಾರೆ, ಎಲ್ಲ ಮಕ್ಕಳಿಗೂ ಆಗಲಿ ಎಂದು.

ಧಾರವಾಡದ ತಮ್ಮನಿಗೆ: ಮಗಳ ಜೊತೆ ಮಾತನಾಡಿದೆ. ಕಾಯಿಲೆ ಅಕ್ಕನಿಂದ ತಮ್ಮನಿಗೆ ಹರಿದು ಬರುವುದಿಲ್ಲ, ಜೀನ್ ಏನಿದ್ದರೂ ಅಪ್ಪ-ಅಮ್ಮನಿಂದ ಬಂದದ್ದು, ಅದೂ ಯಾರೂ ಆರಿಸಿ ಕೊಟ್ಟದ್ದಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಹಾಗಾದರೆ ಪುಟ್ಟನ ಹನಿ ದಿನಾ ನಾನೇ ಹಾಕುತ್ತೇನೆ ಎಂದಳು. ಈಗ ರಾತ್ರಿ ಊಟಕ್ಕೆ ಮುಂಚೆ ತನ್ನ ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡು, ಪೆನ್ನಿನಲ್ಲಿ ಯೂನಿಟ್ ತಿರುಗಿಸಿಕೊಂಡು, ಅದು ಮುಗಿದ ಮೇಲೆ ಡ್ರಾಪರನ್ನು ದೀಪದ ಬೆಳಕಿಗೆ ಹಿಡಿದು ಗೆರೆ ನೋಡುತ್ತಾಳೆ. ಅವನು ಬಾಯಿ ತೆರೆದು ಕಾಯುತ್ತಿರುತ್ತಾನೆ.

—

ಮಕ್ಕಳ ವೈದ್ಯೆ, ದಾವಣಗೆರೆ

ಡ್ರಾಪರ್ ಗೆರೆ ಹಿಡಿಯುವಾಗ ಒಮ್ಮೆ ನೀವೂ ಪಕ್ಕದಲ್ಲಿರಿ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, 20 ದಾಟಿದ್ದರೆ ದಿನಕ್ಕೆ 600ಕ್ಕೆ ಇಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮಗಳಿಗೂ ಇದೇ ಪರೀಕ್ಷೆ ಆಗಿದೆಯೇ? ಆಗಿಲ್ಲದಿದ್ದರೆ ಮುಂದಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ) ಪರೀಕ್ಷೆಗೆ ರಕ್ತ ಕೊಡುವಾಗ ಅದನ್ನೂ ಸೇರಿಸಲು ಹೇಳಿ, ಎರಡು ಸಲ ಚುಚ್ಚುವುದು ತಪ್ಪುತ್ತದೆ.